ಡಬ್ಬಿ ತುಂಬಿಕೊಂಡೇ ಮನೆಗೆ ಬಂದರೆ: ಶಾಲೆಗೆ ಹೋಗುವ ಮಕ್ಕಳ ಆರೋಗ್ಯಕರ ದಿನಚರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಗು ಬೆಳಿಗ್ಗೆ ತಿಂಡಿ ಮುಟ್ಟುವುದಿಲ್ಲ, ಶಾಲೆಯಿಂದ ಡಬ್ಬಿಯನ್ನು ಅರ್ಧ ತುಂಬಿಕೊಂಡೇ ವಾಪಸ್ ತರುತ್ತದೆ, ಸಂಜೆ ಚಪ್ಪಲಿ ಬಿಡುವ ಮೊದಲೇ ಬಿಸ್ಕತ್ತು ಕೇಳುತ್ತದೆ, ರಾತ್ರಿ ಹತ್ತೂವರೆಯಾದರೂ ಮಲಗುವುದಿಲ್ಲ; ಏನು ಮಾಡಬೇಕು? ಕೇಳುವವರು ಇವನ್ನು ನಾಲ್ಕು ಬೇರೆ ಬೇರೆ ತೊಂದರೆಗಳೆಂದು ಎಣಿಸಿ ಒಂದೊಂದಕ್ಕೂ ಒಂದೊಂದು ಉಪಾಯ ಹುಡುಕುತ್ತಾರೆ. ಆದರೆ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ತಡವಾಗಿ ಮಲಗಿದ ಮಗುವನ್ನು ಎಬ್ಬಿಸುವುದೇ ಕಷ್ಟ. ಎದ್ದ ಮಗುವಿಗೆ ಹಸಿವು ಹುಟ್ಟುವ ಮೊದಲೇ ಬಸ್ ಬಂದು ನಿಂತಿರುತ್ತದೆ. ಶೌಚಕ್ಕೆ ಹೋಗದೆ ಹೊರಟ ಮಗು ಶಾಲೆಯಲ್ಲಿ ಹೊಟ್ಟೆ ಬಿಗಿಹಿಡಿದು ಕೂರುತ್ತದೆ. ಹಾಗೆ ಕುಳಿತ ಮಗುವಿಗೆ ಡಬ್ಬಿ ತೆರೆಯುವ ಮನಸ್ಸೂ ಇರುವುದಿಲ್ಲ.

ಆದ್ದರಿಂದ ಈ ಬರಹದಲ್ಲಿ ದಿನಚರಿಯ ತಿದ್ದುಪಡಿಯನ್ನು ಹಿಂದಿನ ರಾತ್ರಿಯ ನಿದ್ದೆಯಿಂದಲೇ ಆರಂಭಿಸಿದ್ದೇನೆ. ಇದು ಮುಖ್ಯವಾಗಿ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಕ್ಕಳಿಗೆ ಬುದ್ಧಿವಾದ ಹೇಳುವ ವಿಧಾನ ಇದರಲ್ಲಿಲ್ಲ. ಯಾವ ವಸ್ತು ಎಲ್ಲಿರಬೇಕು, ಯಾವ ಕೆಲಸ ಎಷ್ಟು ಹೊತ್ತಿಗೆ ಆಗಬೇಕು, ಶಾಲೆಯನ್ನು ಏನು ಕೇಳಬೇಕು ಎಂಬುದಷ್ಟೇ ಇದೆ. ಏರ್ಪಾಡು ಸರಿಯಾದ ಮನೆಯಲ್ಲಿ ಹೇಳಿ ಹೇಳಿ ಸುಸ್ತಾಗುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಬೇಕಾಗುವ ಸಾಮಗ್ರಿ ಕಡಿಮೆ: ಒಂದು ಇನ್ನೂರು ಪುಟದ ನೋಟ್‌ಬುಕ್, ಮಗುವಿಗೆ ಕಾಣುವ ಎತ್ತರದಲ್ಲಿ ಮುಳ್ಳಿನ ಗಡಿಯಾರ, ಒಂದು ಅಳತೆ ಟೇಪು, ತೂಕದ ಯಂತ್ರ. ತೂಕದ ಯಂತ್ರ ಮನೆಯಲ್ಲಿಲ್ಲದಿದ್ದರೆ ಕೊಳ್ಳಬೇಕಿಲ್ಲ, ಹತ್ತಿರದ ಕ್ಲಿನಿಕ್ಕಿನದೇ ಸಾಕು.

1. ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಸೋಮವಾರದಿಂದ ಭಾನುವಾರದವರೆಗೆ ದಿನಕ್ಕೊಂದು ಪುಟದಂತೆ ಆರು ಸಂಗತಿಗಳನ್ನು ಬರೆಯಿರಿ: ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು, ಡಬ್ಬಿಯಲ್ಲಿ ಉಳಿದು ಬಂದದ್ದು, ಬಾಟಲಿಯಲ್ಲಿ ಉಳಿದ ನೀರು, ಮಲವಿಸರ್ಜನೆಗೆ ಹೋದ ಹೊತ್ತು, ಮೈ ಬೆವರುವಂತೆ ಆಡಿದ ನಿಮಿಷಗಳು. ಮಲಗಿದ ಹೊತ್ತಲ್ಲ, ನಿದ್ದೆ ಹತ್ತಿದ ಹೊತ್ತು ಎಂಬುದನ್ನು ಗಮನಿಸಿ. ಒಂಬತ್ತಕ್ಕೆ ಹಾಸಿಗೆಗೆ ಹೋಗಿ ಹತ್ತರವರೆಗೆ ಹೊರಳಾಡುವ ಮಕ್ಕಳು ಬಹಳ.

ಇಲ್ಲಿ ಆಗುವ ತಪ್ಪೆಂದರೆ ಮೊದಲ ದಿನವೇ ಮಗುವನ್ನು ವಿಚಾರಣೆಗೆ ನಿಲ್ಲಿಸುವುದು. "ಯಾಕೆ ತಿನ್ನಲಿಲ್ಲ?" ಎಂದು ದಿನವೂ ಕೇಳಿಸಿಕೊಂಡ ಮಗು ಉಳಿದದ್ದನ್ನು ಶಾಲೆಯ ಕಸದ ಬುಟ್ಟಿಗೆ ಸುರಿದು ಖಾಲಿ ಡಬ್ಬಿ ತರುವುದನ್ನು ಕಲಿಯುತ್ತದೆ, ಆಮೇಲೆ ನಿಮಗೆ ನಿಜ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

2. ರಾತ್ರಿಯನ್ನು ಬಸ್ಸಿನ ಹೊತ್ತಿನಿಂದ ಲೆಕ್ಕ ಹಾಕಿ

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ವೈದ್ಯಶಾಸ್ತ್ರದ ತಜ್ಞರ ಶಿಫಾರಸು ಇದೆ. ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಬಸ್ 6.50ಕ್ಕೆ ಬರುತ್ತದೆ ಎಂದುಕೊಳ್ಳೋಣ. ಹಲ್ಲುಜ್ಜಿ, ಶೌಚ ಮುಗಿಸಿ, ಸ್ನಾನ ಮಾಡಿ, ಕುಳಿತು ತಿಂಡಿ ತಿನ್ನಲು ಒಂದು ಗಂಟೆ ಬೇಕು, ಅಂದರೆ 5.50ಕ್ಕೆ ಏಳಬೇಕು. ಕನಿಷ್ಠ ಒಂಬತ್ತು ಗಂಟೆ ಹಿಂದಕ್ಕೆ ಎಣಿಸಿದರೆ 8.50ಕ್ಕೆ ನಿದ್ದೆ ಹತ್ತಿರಬೇಕು, 8.30ಕ್ಕೆ ದೀಪ ಆರಬೇಕು. ಈ ಲೆಕ್ಕ ನೋಡಿ ಬಹುಪಾಲು ತಂದೆತಾಯಂದಿರು ತಲೆಯಾಡಿಸುತ್ತಾರೆ, ಏಕೆಂದರೆ ಹೊರವರ್ತುಲ ರಸ್ತೆಯ ಕಚೇರಿಯಿಂದ ಒಬ್ಬರು ಮನೆ ಸೇರುವುದೇ ಎಂಟೂವರೆಗೆ, ಎಲ್ಲರೂ ಕೂಡಿ ಊಟ ಮಾಡುವುದು ಒಂಬತ್ತೂವರೆಗೆ.

ಇಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು. ವಾರದ ದಿನಗಳಲ್ಲಿ ರಾತ್ರಿಯ ಊಟ ಒಟ್ಟಿಗೆ ಆಗಬೇಕೆಂಬ ಹಟವನ್ನು ಬಿಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮಗುವಿಗೆ 7.15ಕ್ಕೆ ಊಟ ಬಡಿಸಿ. ಆ ಹೊತ್ತಿಗೆ ಅಡುಗೆ ಆಗದಿದ್ದರೆ ಮಧ್ಯಾಹ್ನದ ಸಾರನ್ನೇ ಬಿಸಿಮಾಡಿ ಅನ್ನಕ್ಕೆ ಹಾಕಿ, ಜೊತೆಗೆ ಮೊಸರು ಕೊಡಿ. ಎಂಟೂವರೆಗೆ ಮನೆ ಸೇರುವವರು ದೀಪ ಆರಿಸಿದ ಮೇಲೆ ಹತ್ತು ನಿಮಿಷ ಹಾಸಿಗೆಯ ಪಕ್ಕ ಕುಳಿತು ಮಾತಾಡಲಿ. ಒಟ್ಟಿಗೆ ಊಟ ಮಾಡುವ ಸುಖವನ್ನು ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಿ. ಇಲ್ಲವೇ ಬೆಳಗಿನ ತಿಂಡಿಯನ್ನು ಎಲ್ಲರೂ ಕೂಡಿ ತಿನ್ನುವಂತೆ ಮಾಡಿಕೊಳ್ಳಿ.

ಹತ್ತೂವರೆಗೆ ಮಲಗುತ್ತಿದ್ದ ಮಗುವನ್ನು ಒಮ್ಮೆಲೇ ಎಂಟೂವರೆಗೆ ಮಲಗಿಸಲು ಹೋಗಬೇಡಿ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಎರಡು ಗಂಟೆ ಹಿಂದಕ್ಕೆ ತರಲು ಮೂರೂವರೆ ವಾರ ಹಿಡಿಯುತ್ತದೆ. ಭಾನುವಾರ ಏಳುವ ಹೊತ್ತು ವಾರದ ದಿನಗಳಿಗಿಂತ ಒಂದು ಗಂಟೆಗಿಂತ ಹೆಚ್ಚು ತಡವಾಗಬಾರದು. ಭಾನುವಾರ ಒಂಬತ್ತೂವರೆವರೆಗೆ ಮಲಗಿದ ಮಗುವಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರದ ಬೆಳಗು ಮತ್ತೆ ಕೆಡುತ್ತದೆ.

ಮಲಗುವ ಒಂದು ಗಂಟೆ ಮೊದಲು ಮೊಬೈಲ್, ಟಿ.ವಿ. ಎರಡೂ ನಿಲ್ಲಬೇಕು. ಪರದೆಯ ಪ್ರಖರ ಬೆಳಕು ಮೆಲಟೋನಿನ್ ಎಂಬ, ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನಿನ ಸ್ರವಿಕೆಯನ್ನು ತಗ್ಗಿಸುತ್ತದೆ. ಮೊಬೈಲ್‌ಗೆ ನಿಮಿಷಗಳ ಮಿತಿ ಹಾಕುವುದಕ್ಕಿಂತ ಜಾಗದ ಮಿತಿ ಹಾಕುವುದು ಸುಲಭ: ಮನೆಯ ಎಲ್ಲ ಮೊಬೈಲ್‌ಗಳೂ ರಾತ್ರಿ ನಡುಮನೆಯ ಒಂದೇ ಕಡೆ ಚಾರ್ಜ್ ಆಗಲಿ, ಮಲಗುವ ಕೋಣೆಗೆ ದೊಡ್ಡವರದೂ ಬರುವುದು ಬೇಡ. ಶಾಲೆಯವರು ಮನೆಪಾಠವನ್ನು ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ಹೇಗೆ ತಪ್ಪಿಸುವುದು ಎಂದು ಹಲವರು ಕೇಳುತ್ತಾರೆ. ಅದನ್ನು ನೀವು ಓದಿ ಹೇಳಿ, ಮಗು ಡೈರಿಯಲ್ಲಿ ಬರೆದುಕೊಳ್ಳಲಿ; ಮೊಬೈಲ್ ಮಗುವಿನ ಕೈಗೆ ಹೋಗದೆಯೇ ಮನೆಪಾಠ ಮುಗಿಯುತ್ತದೆ.

3. ಬೆಳಗಿನ ತಿಂಡಿಗೆ ಹಸಿವು ಬೇಕು

ರಾತ್ರಿಯ ಊಟ ಹಿಂದಕ್ಕೆ ಬಂದರೆ ಬೆಳಗಿನ ಹಸಿವು ಬಹುಪಾಲು ತಾನಾಗಿಯೇ ಮರಳುತ್ತದೆ. ಎದ್ದೊಡನೆ ದೊಡ್ಡ ಲೋಟದ ತುಂಬ ಹಾಲು ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಅದು ಹೊಟ್ಟೆ ತುಂಬಿಸಿ ತಿಂಡಿಯನ್ನು ತಳ್ಳುತ್ತದೆ. ಹಾಲನ್ನು ಸಂಜೆಗೆ ಸರಿಸಿ. ಬೆಳಿಗ್ಗೆ ಎರಡು ಇಡ್ಲಿ, ಒಂದು ರಾಗಿ ದೋಸೆ, ತರಕಾರಿ ಹಾಕಿದ ಸಣ್ಣ ಬಟ್ಟಲು ಉಪ್ಪಿಟ್ಟು, ಇಷ್ಟು ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವಷ್ಟಿಲ್ಲ. ಎಲುಬು ಬೆಳೆಯುವ ವಯಸ್ಸಿನಲ್ಲಿ ರಾಗಿಗೆ ಬದಲಿ ಹುಡುಕುವ ಅಗತ್ಯವನ್ನು ನಾನು ಕಂಡಿಲ್ಲ.

ಹಾಲಿಗೆ ಬೆರೆಸುವ ಚಾಕೊಲೆಟ್ ಪುಡಿಗಳ ವಿಷಯದಲ್ಲಿ ಎಚ್ಚರವಿರಲಿ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಪೊಟ್ಟಣದ ಹಿಂಬದಿಯಲ್ಲಿ '100 ಗ್ರಾಂನಲ್ಲಿ ಸೇರಿಸಿದ ಸಕ್ಕರೆ' ಎಂಬ ಸಾಲನ್ನು ಓದಿ, ಅದನ್ನು 4ರಿಂದ ಭಾಗಿಸಿ. ಬರುವ ಸಂಖ್ಯೆಯೇ ಚಹಾ ಚಮಚದ ಲೆಕ್ಕ. ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆಯಿರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಜೇನುತುಪ್ಪ, ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 1,700 ಕಿಲೊ ಕ್ಯಾಲೊರಿ ಬೇಕಾಗುವ ಏಳೆಂಟು ವರ್ಷದ ಮಗುವಿಗೆ ಶೇ 5 ಎಂದರೆ ಸುಮಾರು 21 ಗ್ರಾಂ, ಐದು ಚಹಾ ಚಮಚ. 250 ಮಿಲಿ ಲೀಟರ್‌ನ ಒಂದು ಬಾಟಲಿ ತಂಪು ಪಾನೀಯದಲ್ಲೇ ಇದಕ್ಕಿಂತ ಹೆಚ್ಚು ಸಕ್ಕರೆಯಿರುವುದು ಸಾಮಾನ್ಯ.

4. ಡಬ್ಬಿಯನ್ನು ಮನೆಯಲ್ಲಿಯೇ ಪರೀಕ್ಷಿಸಿ

ಡಬ್ಬಿ ವಾಪಸ್ ಬಂದಾಗ ನಾವು ಮೊದಲು ಶಂಕಿಸುವುದು ರುಚಿಯನ್ನು. ಆದರೆ ಕಾರಣ ಎಷ್ಟೋ ಸಲ ಡಬ್ಬಿಯೇ ಆಗಿರುತ್ತದೆ. ನಾನು ಬಲ್ಲ ಒಂದು ಮನೆಯಲ್ಲಿ ಒಂದನೇ ತರಗತಿಯ ಹುಡುಗಿ ಎರಡು ತಿಂಗಳು ಡಬ್ಬಿಯನ್ನು ತುಂಬಿಕೊಂಡೇ ತರುತ್ತಿದ್ದಳು. ತಾಯಿ ಅಡುಗೆ ಬದಲಿಸಿ ಬದಲಿಸಿ ಸೋತಿದ್ದರು. ಒಂದು ಭಾನುವಾರ ಅದೇ ಡಬ್ಬಿಯನ್ನು ಮಗುವಿನ ಮುಂದಿಟ್ಟಾಗ ಗೊತ್ತಾಯಿತು: ನಾಲ್ಕು ಕಡೆ ಕ್ಲಿಪ್ ಇರುವ, ರಬ್ಬರಿನ ಅಂಚಿನ ಮುಚ್ಚಳವನ್ನು ಆ ಪುಟ್ಟ ಬೆರಳುಗಳು ಬಿಚ್ಚಲಾರವು. ಮೂರು ಕ್ಲಿಪ್ ಬಿಚ್ಚಿದ ಮೇಲೆ ನಾಲ್ಕನೆಯದನ್ನು ಹಲ್ಲಿನಿಂದ ಎಳೆಯಲು ನೋಡುತ್ತಿದ್ದಳಂತೆ. ಟೀಚರನ್ನು ಕೇಳಲು ಸಂಕೋಚ. ಮೇಲಿನಿಂದ ಒತ್ತಿ ಮುಚ್ಚುವ ಹಳೆಯ ಸ್ಟೀಲ್ ಡಬ್ಬಿ ಕೊಟ್ಟ ದಿನ ಚಿತ್ರಾನ್ನ ಪೂರ್ತಿ ಖಾಲಿಯಾಗಿತ್ತು.

ನೀವೂ ಒಂದು ಭಾನುವಾರ ಇದನ್ನು ಮಾಡಿ. ಬೆಳಿಗ್ಗೆ ಆರೂವರೆಗೆ ತುಂಬಿಸಿದ ಡಬ್ಬಿಯನ್ನು ಹಾಗೇ ಇಟ್ಟು, ಶಾಲೆಯಲ್ಲಿ ತೆರೆಯುವ ಹೊತ್ತಿಗೇ ಮಗುವಿನ ಮುಂದಿಡಿ. ಶಾಲೆಯ ಬಿಡುವು ಹದಿನೈದು ನಿಮಿಷವಾದರೆ ಗಡಿಯಾರ ನೋಡಿಕೊಂಡು ಹದಿನೈದೇ ನಿಮಿಷ ಕೊಡಿ. ನೀವೂ ಒಂದು ತುತ್ತು ತಿನ್ನಿ. ಬಿಸಿಯಿದ್ದಾಗ ಚೆನ್ನಾಗಿದ್ದ ದೋಸೆ ಆಗ ಚರ್ಮದಂತಾಗಿರುತ್ತದೆ. ಉಪ್ಪು ಹಾಕಿದ ಸೌತೆಕಾಯಿ ಕೋಸಂಬರಿ ನೀರು ಬಿಟ್ಟು ಪಕ್ಕದ ಚಪಾತಿಯನ್ನು ನೆನೆಸಿರುತ್ತದೆ. ಟೊಮ್ಯಾಟೊ ಗೊಜ್ಜು ಮುಚ್ಚಳಕ್ಕೆ ಮೆತ್ತಿಕೊಂಡಿರುತ್ತದೆ. ಹದಿನೈದು ನಿಮಿಷದಲ್ಲಿ ನಿಮ್ಮ ಮಗು ನಿಜವಾಗಿ ಎಷ್ಟು ತಿನ್ನಬಲ್ಲದೋ ಅಷ್ಟನ್ನೇ ಸೋಮವಾರದಿಂದ ತುಂಬಿಸಿ. ಅರ್ಧ ಉಳಿಯುವ ದೊಡ್ಡ ಡಬ್ಬಿಗಿಂತ ಖಾಲಿಯಾಗುವ ಸಣ್ಣ ಡಬ್ಬಿ ಮಗುವಿಗೂ ನಿಮಗೂ ಧೈರ್ಯ ಕೊಡುತ್ತದೆ.

ತಣ್ಣಗಾದರೂ ಕೆಡದ ಕೆಲವು ತಿಂಡಿಗಳಿವೆ: ಕತ್ತರಿಸಿ ತುಪ್ಪ, ಚಟ್ನಿಪುಡಿ ಸವರಿದ ಇಡ್ಲಿ, ಮೆಂತ್ಯ ಸೊಪ್ಪು ಕಲಸಿದ ಚಪಾತಿಗೆ ಪಲ್ಯ ಹಚ್ಚಿ ಸುತ್ತಿದ್ದು, ಅವಲಕ್ಕಿಗೆ ಕಡಲೆಬೀಜ, ಬಟಾಣಿ, ಕಾಲದಲ್ಲಿ ಅವರೆಕಾಳಿನ ಉಪ್ಪಿಟ್ಟು. ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ ಎನ್ನುವವರು ಉಗುರುಬೆಚ್ಚಗಿನ ಅನ್ನಕ್ಕೆ ಹಾಲು ಬೆರೆಸಿ ಒಂದು ಚಮಚ ಮೊಸರು ಮಾತ್ರ ಹಾಕಿ ಕಳುಹಿಸಲಿ. ಊಟದ ಹೊತ್ತಿಗೆ ಅದು ಡಬ್ಬಿಯಲ್ಲೇ ಹೆಪ್ಪಾಗಿ ಹದಕ್ಕೆ ಬಂದಿರುತ್ತದೆ. ಯಾವ ತಿಂಡಿಯಾದರೂ ಅದರಲ್ಲಿ ಧಾನ್ಯವೊಂದೇ ಇರಬಾರದು. ಬರೀ ಪುಳಿಯೋಗರೆ, ಬರೀ ರವೆ ಉಪ್ಪಿಟ್ಟು ಹೊಟ್ಟೆ ತುಂಬಿಸಿದರೂ ಮೈ ಬೆಳೆಸುವ ಪ್ರೋಟೀನು ಸಾಕಷ್ಟು ಸಿಗುವುದಿಲ್ಲ. ಕಾಳು, ಬೇಳೆ, ಮೊಸರು, ಮೊಟ್ಟೆ ಇವುಗಳಲ್ಲಿ ಒಂದು ಜೊತೆಗಿರಲಿ. ಸೀಬೆ ಹಣ್ಣಿನ ನಾಲ್ಕು ಹೋಳು ಅಥವಾ ಒಂದು ಹನಿ ನಿಂಬೆರಸ ಇದ್ದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ, ಕಾಫಿ ಇದಕ್ಕೆ ತದ್ವಿರುದ್ಧ. ಅವು ಕಬ್ಬಿಣದ ಅಂಶ ಹತ್ತದಂತೆ ತಡೆಯುತ್ತವೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಈ ಊಟ ಬಿಟ್ಟು ಮನೆಯ ಡಬ್ಬಿ ಕಳುಹಿಸುವುದೇ ಗೌರವ ಎಂಬ ಭಾವನೆ ಕೆಲವರಲ್ಲಿದೆ. ಬಿಸಿಯಾದ ಅನ್ನ, ಬೇಳೆ ಹಾಕಿದ ಸಾಂಬಾರು ಆರು ಗಂಟೆ ಹಿಂದಿನ ಚಿತ್ರಾನ್ನಕ್ಕಿಂತ ಒಳ್ಳೆಯ ಊಟ. ಮಗು ಅದನ್ನು ಎಲ್ಲರ ಜೊತೆ ಕುಳಿತು ತಿನ್ನಲಿ.

ಸಂಜೆಯ ಹಸಿವು ತೀವ್ರವಾಗಿರುತ್ತದೆ, ಎದುರಿಗೆ ಕಂಡದ್ದನ್ನು ತಿನ್ನುವ ಹೊತ್ತು ಅದು. ಬೀದಿಯ ತಿರುವಿನಲ್ಲಿ ಬೇಕರಿ ಇಲ್ಲದ ಬಡಾವಣೆ ಬೆಂಗಳೂರಿನಲ್ಲಿ ಅಪರೂಪ. ಆದ್ದರಿಂದ ಬೇಯಿಸಿದ ಗೆಣಸು, ಮುಸುಕಿನ ಜೋಳ, ಹುರಿಗಡಲೆ, ಬೆಲ್ಲದ ಚೂರಿನ ಜೊತೆ ಕಡಲೆಬೀಜ, ಹೆಚ್ಚಿದ ಪಪ್ಪಾಯಿ ಇವುಗಳಲ್ಲಿ ಯಾವುದಾದರೂ ಮಗು ಒಳಗೆ ಬರುವ ಮೊದಲೇ ಮೇಜಿನ ಮೇಲೆ ಸಿದ್ಧವಾಗಿರಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅಲ್ಲಿಗೆ ಮಕ್ಕಳನ್ನು ಕರೆದೊಯ್ದು ಅವರಿಂದಲೇ ಆರಿಸಿ ಕೊಂಡ ಕಡಲೆಕಾಯಿ ಮನೆಯಲ್ಲಿ ಉಳಿದ ನಿದರ್ಶನವಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಡುವುದಕ್ಕಿಂತ ಮನೆಗೆ ತರದಿರುವುದು ಒಳ್ಳೆಯದು.

5. ನೀರು ಮತ್ತು ಶೌಚವನ್ನು ಒಟ್ಟಿಗೆ ಸರಿಪಡಿಸಿ

ಬಾಟಲಿಯ ನೀರು ಹಾಗೇ ವಾಪಸ್ ಬರುತ್ತಿದ್ದರೆ ಮಗುವಿಗೆ ನೀರಿನ ಮಹತ್ವ ಗೊತ್ತಿಲ್ಲವೆಂದು ತಿಳಿಯಬೇಡಿ. ಶಾಲೆಯ ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲೆಂದೇ ನೀರು ಕುಡಿಯದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಪ್ರತಿ ತರಗತಿಯಲ್ಲೂ ಇದ್ದಾರೆ. ಈ ಒಂದು ವಿಷಯವನ್ನು ನಾವು ದೊಡ್ಡವರು ನಾಚಿಕೆಯಿಂದ ಮುಚ್ಚಿಟ್ಟಿದ್ದೇವೆ, ಅದರಿಂದ ಮಕ್ಕಳು ಸಂಕಟಪಡುತ್ತಿದ್ದಾರೆ ಎಂದು ನನಗೆ ಬಹಳ ನೋವಿದೆ.

ಮಗುವಿನ ಮೂತ್ರಕೋಶದಲ್ಲಿ ಎಷ್ಟು ಹಿಡಿಯುತ್ತದೆಂದು ತಿಳಿಯಲು ವೈದ್ಯರು ಒಂದು ಸರಳ ಅಂದಾಜು ಬಳಸುತ್ತಾರೆ: ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸಿದರೆ ಬರುವಷ್ಟು ಮಿಲಿ ಲೀಟರ್. ಎಂಟು ವರ್ಷದ ಮಗುವಿಗೆ 300, ಅಂದರೆ ದೊಡ್ಡ ಲೋಟ ಒಂದರಷ್ಟು. ಬಸ್ಸಿನ ಪ್ರಯಾಣವೂ ಸೇರಿ ಎಂಟು ಗಂಟೆ ಮನೆಯಿಂದ ಹೊರಗಿರುವ ಮಗು ಅದನ್ನು ಬಿಗಿಹಿಡಿದುಕೊಂಡೇ ಇದ್ದರೆ ಮೂತ್ರನಾಳದ ಸೋಂಕು ಬರುವ ಸಾಧ್ಯತೆ ಹೆಚ್ಚುತ್ತದೆ. ಮಲವನ್ನು ತಡೆಹಿಡಿದರೆ ಅದು ಗಟ್ಟಿಯಾಗಿ, ಹೋಗುವಾಗ ನೋವಾಗಿ, ಆ ನೋವಿಗೆ ಹೆದರಿ ಮಗು ಮತ್ತೂ ತಡೆಹಿಡಿಯುತ್ತದೆ.

ಮಾಡಬೇಕಾದದ್ದು ಇಷ್ಟು. ಬೆಳಿಗ್ಗೆ ತಿಂಡಿಯಾದ ಮೇಲೆ ಹತ್ತು ನಿಮಿಷ ಶೌಚಕ್ಕೆ ಕುಳಿತುಕೊಳ್ಳುವ ರೂಢಿ ಮಾಡಿಸಿ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದರಿಂದ ಅದೇ ಸರಿಯಾದ ಹೊತ್ತು. ಮನೆಯಲ್ಲಿ ಕಮೋಡ್, ಜೆಟ್ ಪೈಪ್ ಮಾತ್ರ ಬಳಸಿದ ಮಗುವಿಗೆ ಶಾಲೆಯ ಕುಕ್ಕುರುಗಾಲಿನ ಶೌಚಾಲಯ, ಬಕೆಟ್ಟು, ಚೊಂಬು ಹೊಸದು. ಅಜ್ಜಿಯ ಮನೆಯಲ್ಲೋ ನೆಂಟರ ಮನೆಯಲ್ಲೋ ಅದನ್ನು ಬಳಸಲು ಕಲಿಸಿ: ಬಟ್ಟೆ ಎಲ್ಲಿಯವರೆಗೆ ಸರಿಸಬೇಕು, ಹೇಗೆ ತೊಳೆದುಕೊಳ್ಳಬೇಕು, ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೇ ಏಕೆ ತೊಳೆದುಕೊಳ್ಳಬೇಕು ಎಂದು ಸಂಕೋಚವಿಲ್ಲದೆ ಹೇಳಿ. ಚಿಕ್ಕ ಮಕ್ಕಳ ಸಮವಸ್ತ್ರದ ಗುಂಡಿ, ಬೆಲ್ಟು ಒಂಟಿಯಾಗಿ ಬಿಚ್ಚಲು ಬರುವಂತಿದೆಯೇ ನೋಡಿ. ಐದು, ಆರನೇ ತರಗತಿಯ ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಅದು ಆರಂಭವಾಗುವ ಮೊದಲೇ ತಿಳಿಸಿ, ಚೀಲದಲ್ಲಿ ಒಂದು ಪ್ಯಾಡ್ ಮತ್ತು ಒಳಉಡುಪು ಇರಿಸಿ.

ಹಾಲು, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಮಗುವಿನ ಹೊಟ್ಟೆ ಸೇರಬೇಕು. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಸಾಕು, ಗಾಢವಾಗಿದ್ದರೆ ಸಾಲದು. ಕೇರಳದ ಶಾಲೆಗಳಲ್ಲಿ 2019ರಲ್ಲಿ 'ವಾಟರ್ ಬೆಲ್' ಆರಂಭವಾಯಿತು. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ಒಟ್ಟಿಗೆ ನೀರು ಕುಡಿಯುವ ಏರ್ಪಾಡು ಅದು. ನಿಮ್ಮ ಶಾಲೆಯಲ್ಲೂ ಅದನ್ನು ಕೇಳಬಹುದು. ಆದರೆ ಶೌಚಾಲಯ ಸ್ವಚ್ಛವಾಗದೆ ಗಂಟೆ ಬಾರಿಸಿ ಉಪಯೋಗವಿಲ್ಲ.

ಚೀಲದ ಭಾರವೂ ಇಲ್ಲಿಗೆ ಸೇರಿದ ಮಾತು, ಏಕೆಂದರೆ ಒಂದು ಲೀಟರ್ ನೀರು ಎಂದರೆ ಒಂದು ಕಿಲೊ. ರಾಜ್ಯದ ಶಿಕ್ಷಣ ಇಲಾಖೆಯ ಆದೇಶದ ಪ್ರಕಾರ ಪುಸ್ತಕದ ಚೀಲ 1-2ನೇ ತರಗತಿಗೆ 1.5ರಿಂದ 2 ಕಿಲೊ, 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕಿಲೊ ಮೀರಬಾರದು. ಮಗುವನ್ನು ಚೀಲದೊಡನೆ ಒಮ್ಮೆ, ಚೀಲವಿಲ್ಲದೆ ಒಮ್ಮೆ ತೂಕ ಮಾಡಿ ವ್ಯತ್ಯಾಸ ನೋಡಿ. ಶಾಲೆಯಲ್ಲಿ ಶುದ್ಧ ನೀರಿನ ನಲ್ಲಿ ಇದ್ದರೆ ಅರ್ಧ ಲೀಟರ್ ಬಾಟಲಿ ಕೊಟ್ಟು ಎರಡು ಸಲ ತುಂಬಿಸಿಕೊಳ್ಳಲು ಹೇಳಿ.

6. ಕೈ, ಹಲ್ಲು, ಶಾಲೆಯಲ್ಲಿ ಕೊಡುವ ಮಾತ್ರೆ

ಊಟಕ್ಕೆ ಮುಂಚೆ, ಶೌಚದ ನಂತರ ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಕಣ್ಣಿಗೆ ಕಾಣುವ ಕೊಳೆಯಿರುವ ಕೈಗೆ ಸ್ಯಾನಿಟೈಸರ್ ಸಾಲದು. ಹಲ್ಲನ್ನು ಬೆಳಿಗ್ಗೆ ಮತ್ತು ರಾತ್ರಿ ಎರಡೆರಡು ನಿಮಿಷ ಉಜ್ಜಬೇಕು. ರಾತ್ರಿಯದು ಹೆಚ್ಚು ಮುಖ್ಯ. ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ದವಡೆಹಲ್ಲು ಶಾಶ್ವತದ್ದು. ಅದೂ ಬಿದ್ದು ಮತ್ತೆ ಹುಟ್ಟುತ್ತದೆಂದು ತಿಳಿದು ಹುಳುಕಾಗಲು ಬಿಡುವವರು ಅನೇಕರು.

ಫೆಬ್ರುವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಅದನ್ನು ಅಗಿದು ನುಂಗಬೇಕು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ ಬಣ್ಣದ್ದು. ಊಟದ ನಂತರ ನೀರಿನ ಜೊತೆ ಕೊಡಬೇಕು, ಹಾಲಿನ ಜೊತೆ ಬೇಡ. ಮಲ ಕಪ್ಪಾದರೆ ಗಾಬರಿಯಾಗಬೇಕಿಲ್ಲ, ಅದು ಕಬ್ಬಿಣದಿಂದ ಆಗುವಂಥದು. ಅಂದು ಮಗುವಿಗೆ ಜ್ವರವಿದ್ದರೆ ಅಥವಾ ಬೇರೆ ಔಷಧ ನಡೆಯುತ್ತಿದ್ದರೆ ಮೊದಲೇ ಟೀಚರಿಗೆ ತಿಳಿಸಿ.

7. ದಿನಕ್ಕೆ ಅರವತ್ತು ನಿಮಿಷದ ಆಟ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಎಲುಬು, ಸ್ನಾಯು ಗಟ್ಟಿಯಾಗುವಂಥ ಓಟ, ಜಿಗಿತ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅರವತ್ತು ನಿಮಿಷ ಒಂದೇ ಸಲಕ್ಕೆ ಆಗಬೇಕಿಲ್ಲ. ಶಾಲೆಯಲ್ಲಿ ಇಪ್ಪತ್ತು, ಸಂಜೆ ನಲವತ್ತು ಆದರೂ ಆದೀತು.

ಬೆಂಗಳೂರಿನಲ್ಲಿ ಆಟವೆಂದರೆ ಕೋಚಿಂಗ್ ಎಂಬ ಅರ್ಥ ಬಂದುಬಿಟ್ಟಿದೆ. ಒಂದು ಗಂಟೆಯ ಕ್ರಿಕೆಟ್ ತರಬೇತಿಯಲ್ಲಿ ಮಗು ತನ್ನ ಸರದಿಗೆ ಕಾಯುತ್ತಾ ನಿಂತದ್ದೇ ನಲವತ್ತು ನಿಮಿಷವಾದರೆ ಅದು ಆಟದ ಲೆಕ್ಕಕ್ಕೆ ಬರುವುದಿಲ್ಲ, ಟ್ರಾಫಿಕ್‌ನಲ್ಲಿ ಕಳೆದ ಹೊತ್ತು ಬೇರೆ. ಮನೆಯ ಮುಂದಿನ ಜಾಗದಲ್ಲಿ ಕುಂಟೆಬಿಲ್ಲೆ, ಲಗೋರಿ, ಹಗ್ಗದಾಟ ಆಡಿದರೂ ಮೈ ಬೆವರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಚೆಂಡಾಟಕ್ಕೆ ಆಕ್ಷೇಪ ಬಂದರೆ ಸಂಘದ ಸಭೆಯಲ್ಲಿ ಐದರಿಂದ ಆರೂವರೆವರೆಗೆ ಮಕ್ಕಳ ಹೊತ್ತು ಎಂದು ಬರೆಸಿಕೊಳ್ಳಿ. ವಾಹನ ಸಂಚಾರ ನಿಲ್ಲುವ ಭಾನುವಾರದ ಬೆಳಗು ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಕಲಿಸಲು ತಕ್ಕ ಹೊತ್ತು.

ಆಟ ಸಾಧ್ಯವಾದಷ್ಟು ಬಯಲಲ್ಲೇ ಆಗಲಿ ಎಂದು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ದಿನಕ್ಕೆ ಸುಮಾರು ಎರಡು ಗಂಟೆ ಹಗಲ ಬೆಳಕಿನಲ್ಲಿ ಹೊರಗಿರುವ ಮಕ್ಕಳಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಹುಟ್ಟುವ ಸಂಭವ ಕಡಿಮೆ. ಮಳೆಗಾಲದಲ್ಲಿ ಡೆಂಗಿಯ ಸೊಳ್ಳೆ ಹಗಲೇ ಕಚ್ಚುವುದರಿಂದ ಆಡಲು ಹೋಗುವಾಗ ಕೈಕಾಲು ಮುಚ್ಚುವ ಬಟ್ಟೆ ಹಾಕಿ, ಆಡುವ ಜಾಗದ ಹೂಕುಂಡದ ತಟ್ಟೆ, ಒಡೆದ ಬಕೆಟ್ಟುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

8. ಶಾಲೆಯನ್ನು ಕೇಳುವ ರೀತಿ

ಮೊದಲು ತರಗತಿಯ ಶಿಕ್ಷಕರನ್ನು ಕಾಣಿ, ದೂರುವ ದನಿಯಲ್ಲಲ್ಲ. ನಲವತ್ತು ಮಕ್ಕಳ ಡಬ್ಬಿ ನೋಡುವುದು ಅವರಿಂದ ಆಗದ ಕೆಲಸ. ನಂತರ ನಾಲ್ಕೈದು ಪೋಷಕರು ಸೇರಿ, ಒಂದು ಸಲಕ್ಕೆ ಒಂದೇ ಬೇಡಿಕೆಯನ್ನು ಕಾಗದದಲ್ಲಿ ಬರೆದು ಮುಖ್ಯಶಿಕ್ಷಕರಿಗೆ ಕೊಡಿ. 'ಶೌಚಾಲಯ ಸರಿಯಿಲ್ಲ' ಎಂದು ಬರೆದರೆ ಉತ್ತರ ಬರುವುದಿಲ್ಲ. 'ಒಂದನೇ ಮಹಡಿಯ ಹುಡುಗಿಯರ ಶೌಚಾಲಯದಲ್ಲಿ ಚಿಲಕ ಹಾಕಿಸಬೇಕು, ಕೈತೊಳೆಯುವಲ್ಲಿ ಸೋಪು ಇರಿಸಬೇಕು' ಎಂದರೆ ಮಾಡಲು ಒಂದು ಕೆಲಸ ಸಿಗುತ್ತದೆ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಇದೆ. ಅದರಲ್ಲಿ ಪೋಷಕರೇ ಸದಸ್ಯರು, ಸಭೆಗೆ ಹೋಗಿ.

ಬೇಡಿಕೆಗೆ ಆಧಾರಗಳಿವೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಆವರಣದಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆ ಎಂದು ತೋರಿಸುವ ಫಲಕಗಳನ್ನು ಹಾಕಲು ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ತಿಳಿಸಿದೆ. ಪರೀಕ್ಷೆ ಹತ್ತಿರ ಬಂದಾಗ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದನ್ನು ನಿಲ್ಲಿಸುವಂತೆ ಕೇಳಲು ಮಾತ್ರ ಯಾವ ಆದೇಶಕ್ಕೂ ಕಾಯಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಶಿಕ್ಷಕರ ಹೆಸರೆತ್ತಿ ಬರೆಯುವುದರಿಂದ ನಿಮ್ಮ ಮಗುವಿಗೇ ತೊಂದರೆ, ಕೆಲಸವೂ ಆಗುವುದಿಲ್ಲ.

9. ಮೂರು ತಿಂಗಳಿಗೊಮ್ಮೆ ಅಳೆಯಿರಿ, ಬೇಕಾದಾಗ ವೈದ್ಯರನ್ನು ಕಾಣಿ

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎತ್ತರ ಮತ್ತು ತೂಕ ಬರೆಯಿರಿ. ಐದು ವರ್ಷದಿಂದ ಹದಿಹರೆಯದ ಹೊಸ್ತಿಲವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಾರೆ. 4ಕ್ಕಿಂತ ಕಡಿಮೆಯಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ದಪ್ಪ, ಸಣಕಲು ಎಂಬ ಮಾತು ಮಗುವಿನ ಎದುರು ಬೇಡ, ನೆಂಟರು ಆಡಿದರೂ ತಡೆಯಿರಿ.

ದಿನವೂ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುವುದು, ಕರಿಹಲಗೆ ನೋಡಲು ಕಣ್ಣು ಕಿರಿದು ಮಾಡುವುದು, ಮೂತ್ರ ಮಾಡುವಾಗ ಉರಿ, ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಮಲವಿಸರ್ಜನೆ, ಬಿಳಿಚಿದ ಮುಖ ಮತ್ತು ಮೆಟ್ಟಿಲು ಹತ್ತಿದರೆ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ವಾರ್ಡಿನಲ್ಲಿರುವ ಸರ್ಕಾರದ 'ನಮ್ಮ ಕ್ಲಿನಿಕ್'ಗೋ ನಿಮ್ಮ ವೈದ್ಯರ ಬಳಿಗೋ ಹೋಗಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಈ ಮೂರೂ ಒಟ್ಟಿಗೆ ಕಂಡರೆ ಅದೇ ದಿನ ಹೋಗಿ, ಅದು ಮಧುಮೇಹದ ಸೂಚನೆಯಾಗಿರಬಹುದು. ಮಗು ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವೆನ್ನುತ್ತಿದ್ದರೆ, ರಜೆಯ ದಿನ ಆ ನೋವು ಇಲ್ಲದಿದ್ದರೆ, ಗದರಬೇಡಿ. ನೋವು ಸುಳ್ಳಲ್ಲ, ಭಯ ಹೊಟ್ಟೆಯಲ್ಲಿ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಇಂಥ ವಿಷಯದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ.

ವೈದ್ಯರ ಬಳಿ ಹೋಗುವಾಗ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ. "ಸರಿಯಾಗಿ ತಿನ್ನುವುದಿಲ್ಲ ಡಾಕ್ಟ್ರೇ" ಎಂಬ ಮಾತಿನಿಂದ ಅವರಿಗೆ ತಿಳಿಯುವುದು ಕಡಿಮೆ. ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಎಷ್ಟು ದಿನ ಬಾಟಲಿ ತುಂಬಿಕೊಂಡೇ ಬಂತು, ಯಾವಾಗಿನಿಂದ ತೂಕ ಏರುವುದು ನಿಂತಿತು ಎಂಬುದು ಆ ಪುಟಗಳಲ್ಲಿದೆ.